ಬೊಮ್ಡಿಲಾದ ಹವಳ

ದೀಪಾವಳಿ ಮುಗಿದ ಎಂಟು ದಿನಕ್ಕೆ ಬೈರಿದೇವರಕೊಪ್ಪದ ಫಕೀರಪ್ಪನವರ ಮನೆಗೆ ಮಾಬೂಬಿ ಬಂದಳು. ಹನ್ನೊಂದರ ಹೊತ್ತು. ಸೊಸೆ ರಾಜೇಶ್ವರಿ ರೊಟ್ಟಿ ಬಡಿಯುತ್ತಿದ್ದವಳು ಗೇಟಿನ ಸಪ್ಪಳ ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬುರ್ಖಾ ತೊಟ್ಟ, ಐವತ್ತು ದಾಟಿದ ಹೆಂಗಸು ಬಾಗಿಲಲ್ಲಿ ನಿಂತಿದ್ದಳು.

"ಮಿಲಿಟ್ರಿ ಫಕೀರಪ್ಪ ಕಾಕಾ ಅವರ ಮನಿ ಇದ ಏನ್ರಿ? ನಾ ಕಾಸಿಮಸಾಬರ ಮಗಳು. ಹಳೇ ಹುಬ್ಬಳ್ಳಿಂದ ಬಂದೇನಿ."

ರಾಜೇಶ್ವರಿ ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ. ಕಾಸಿಮಸಾಬ ಅನ್ನುವ ಹೆಸರನ್ನು ಅತ್ತೆಯ ಬಾಯಲ್ಲಿ ಒಂದೆರಡು ಸಲ ಕೇಳಿದ್ದಳು. ಮಾವ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದಾಗ ಅದೇ ಲಾರಿಯ ಮೇಲಿದ್ದ ಇನ್ನೊಬ್ಬ ಡ್ರೈವರ್. ಇಬ್ಬರೂ ಈ ಕಡೆಯವರೇ. ಫಕೀರಪ್ಪ ಅಮ್ಮಿನಬಾವಿಯವರು, ಕಾಸಿಮಸಾಬ ಹುಬ್ಬಳ್ಳಿಯವರು. ಊರಿಗೆ ಬಂದ ಮೇಲೆ ಇವರು ಸರಕಾರಿ ಬಸ್ಸಿನ ಡ್ರೈವರ್ ಆದರು, ಅವರು ಸಣ್ಣದೊಂದು ಫೋಟೋ ಸ್ಟುಡಿಯೋ ಹಾಕಿದರು. ಒಂದೇ ಊರಲ್ಲಿದ್ದೂ ಅವರು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ.

"ಅಬ್ಬಾ ಹೋಗಿ ನಲವತ್ತು ದಿನ ಆತ್ರಿ," ಎಂದಳು ಮಾಬೂಬಿ, ಒಳಗೆ ಬಂದು ಕುಳಿತು. "ಕಪಾಟ ಖಾಲಿ ಮಾಡೂಮುಂದ ಈ ಪಾಕೀಟ ಸಿಕ್ತು. ಮ್ಯಾಲ ಕಾಕಾರ ಹೆಸರು ಬರದಿದ್ರು. ಕೊಟ್ಟು ಹೋಗೂಣು ಅಂತ ಬಂದೆ."

ಎಂಬತ್ತೈದರ ಫಕೀರಪ್ಪ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪಾಕೀಟು ನೋಡಿದರು. ಕೈ ಚಾಚಲಿಲ್ಲ.

"ಅಲ್ಲೇ ಇಡವಾ," ಎಂದರು. ಕಾಸಿಮಸಾಬ ಹೇಗೆ ಹೋದರು, ಏನಾಗಿತ್ತು, ಒಂದು ಮಾತೂ ಕೇಳಲಿಲ್ಲ. ರಾಜೇಶ್ವರಿಗೆ ಕಸಿವಿಸಿಯಾಯಿತು. ಸತ್ತವರ ಮಗಳು ಮುಂದೆ ಕುಳಿತಿರುವಾಗ ಹೀಗೂ ಇರುತ್ತಾರೆಯೇ?

ಅತ್ತೆ ಈರವ್ವ ಚಹಾ, ಅವಲಕ್ಕಿ ಕೊಟ್ಟು ಉಪಚರಿಸಿದಳು. ಮಾಬೂಬಿ ಹೋದ ಕೂಡಲೇ ಮೊಮ್ಮಗಳು ಸೌಂದರ್ಯಾ ಪಾಕೀಟು ಬಿಚ್ಚಿದಳು. ದವಾಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ಅವತ್ತು ರಜೆ ಇತ್ತು. ಫೆಬ್ರವರಿ ಕೊನೆಗೆ ಅವಳ ಮದುವೆ, ವರ ಗದಗಿನವನು.

ಮೂರು ಫೋಟೋ ಇದ್ದವು. ಕಪ್ಪು ಬಿಳುಪಿನವು, ಅಂಚು ಹಳದಿಗಟ್ಟಿದ್ದವು. ಮೊದಲನೆಯದರಲ್ಲಿ ಲಾರಿಯ ಮುಂದೆ ಹೆಗಲ ಮೇಲೆ ಕೈ ಹಾಕಿ ನಿಂತ ಇಬ್ಬರು ತರುಣರು.

"ಅಯ್ಯ, ಹೆಂಗ ಅದಾರ ನೋಡು ನಿಮ್ಮಜ್ಜ! ಮೀಸಿ ಇನ್ನೂ ಚಿಗರಾಕತ್ತಾವ," ಎಂದು ಈರವ್ವ ಬಾಯ್ತುಂಬ ನಕ್ಕಳು.

ಎರಡನೆಯದರಲ್ಲಿ ಬೆಟ್ಟದ ರಸ್ತೆಯ ಪಕ್ಕ ನಿಂತ ಹೆಣ್ಣುಮಗಳು. ದಪ್ಪ ಉದ್ದ ನಿಲುವಂಗಿ, ಬೆನ್ನಿಗೆ ಕಟ್ಟಿಕೊಂಡ ಕೂಸು, ಕೈ ಹಿಡಿದು ನಿಂತ ಐದು ವರ್ಷದ ಹುಡುಗಿ. ಹಿಂದೆ ಜಲ್ಲಿಕಲ್ಲಿನ ಗುಡ್ಡೆ. ಹೆಣ್ಣುಮಗಳು ನಕ್ಕಿದ್ದಳು, ಕಣ್ಣು ಮುಚ್ಚಿ ಹೋಗುವಷ್ಟು.

ಸೌಂದರ್ಯಾ ಫೋಟೋವನ್ನು ಕಣ್ಣಿನ ಹತ್ತಿರ ತಂದಳು. ಆಮೇಲೆ ತಾಯಿಯ ಕೊರಳು ನೋಡಿದಳು. ಮತ್ತೆ ಫೋಟೋ ನೋಡಿದಳು.

"ಅವ್ವಾ, ಸ್ವಲ್ಪ ಬಾಗು. ಈ ಹವಳ ನೋಡು. ನಡುವಿಂದು. ಬೆಳ್ಳಿ ಪಟ್ಟಿ ಹಾಕಿದ್ದು."

ಆ ಮನೆಯಲ್ಲಿ ಏಳು ಹವಳಗಳಿದ್ದವು. ಅಡಿಕೆಯಷ್ಟು ದಪ್ಪ, ಹಳೆಯವು, ಗಾಢ ಕೆಂಪು. ಎರಡು ಈರವ್ವನ ತಾಳಿಸರದಲ್ಲಿ, ಐದು ರಾಜೇಶ್ವರಿಯದರಲ್ಲಿ. ನಡುವಿನದು ಸೀಳಿತ್ತು, ಯಾರೋ ಅದಕ್ಕೆ ಬೆಳ್ಳಿಯ ಸಣ್ಣ ಪಟ್ಟಿ ಸುತ್ತಿಸಿದ್ದರು. ಮಾವ ಅಸ್ಸಾಮಿನ ತೇಜಪುರದ ಪೇಟೆಯಲ್ಲಿ ಕೊಂಡು ತಂದದ್ದು ಎಂದು ಈರವ್ವ ಮನೆಗೆ ಬಂದವರಿಗೆಲ್ಲ ಸೆರಗು ಸರಿಸಿ ತೋರಿಸುತ್ತಿದ್ದಳು. ರಾಜೇಶ್ವರಿಯ ಐದೂ ಈಗ ಸೌಂದರ್ಯಾಳ ತಾಳಿಗೆ ಹೋಗುವುದಿತ್ತು.

ಫೋಟೋದಲ್ಲಿನ ಹೆಣ್ಣುಮಗಳ ಕೊರಳಲ್ಲಿ ಅವೇ ಹವಳ. ಅದೇ ಬೆಳ್ಳಿ ಪಟ್ಟಿ.

"ಅಜ್ಜಾ," ಸೌಂದರ್ಯಾ ಹೊರಗೆ ಹೋದಳು. "ಪ್ಯಾಟ್ಯಾಗ ಕೊಂಡದ್ದು ಅಂತಿದ್ರಿ. ಇದು ಈಕಿ ಕೊಳ್ಳಾಗ ಐತಲ್ಲ?"

ಫಕೀರಪ್ಪ ಫೋಟೋ ನೋಡದೆಯೇ ಹೇಳಿದರು: "ಆಕಿನ ಕೊಟ್ಟಳು. ಗಾಡ್ಯಾಗ ಕೂಡಿಸಿಕೊಂಡು ತಂದೆ ಅಂತ, ಪ್ರೀತಿಲೆ ಕೊಟ್ಟಳು."

"ಮತ್ತ ಇಷ್ಟ ದಿನ ಹಂಗ ಹೇಳಲಿಲ್ಲಲ್ಲ?"

"ಹೇಳಬೇಕಂತ ಏನೈತಿ? ಒಳಗ ಹೋಗು."

ಸೌಂದರ್ಯಾಳ ಕೈಯಲ್ಲಿ ಮೂರನೆಯ ಫೋಟೋ ಇತ್ತು. ಲಾರಿಯ ಹಿಂಭಾಗ. ಮೇಲಿನತನಕ ಒಟ್ಟಿದ ಕಂಬಳಿಯ ಗಂಟುಗಳು. ಗಂಟುಗಳ ಮೇಲೆ ಅದೇ ಇಬ್ಬರು ಮಕ್ಕಳು, ದೊಡ್ಡದು ಸಣ್ಣದನ್ನು ಅಪ್ಪಿ ಹಿಡಿದಿತ್ತು.

"ಇದರಾಗ ಹುಡುಗೂರಷ್ಟ ಅದಾರ. ಅವರವ್ವ ಎಲ್ಲೆ ಅಜ್ಜಾ?"

ಫಕೀರಪ್ಪ ಎದ್ದು ಒಳಗೆ ಹೋಗಿ ಮಲಗಿದರು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಬಂದ ಬಸವಪ್ರಭು ಮಾತ್ರ ಫೋಟೋ ನೋಡಿ ಕುಣಿದಾಡಿದ. ಅವನು ಫಕೀರಪ್ಪನವರ ಒಬ್ಬನೇ ಮಗ, ಕೇಶ್ವಾಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ.

"ಇವೆಂಥ ಫೋಟೋ ಅಂತ ನಿಮಗ ಗೊತ್ತೈತೇನು? ಅರವತ್ತೆರಡರ ಚೀನಾ ಯುದ್ಧದ್ದು! ಜನವರಿ ಇಪ್ಪತ್ತಾರಕ್ಕ ನಮ್ಮ ನಗರದ ಸಂಘದವರು ಅಪ್ಪಗ ಸನ್ಮಾನ ಮಾಡೋರದಾರ. ಇದನ್ನ ದೊಡ್ಡದು ಮಾಡಿಸಿ ಬ್ಯಾನರಿಗೆ ಹಾಕಸ್ತೇನಿ."

"ರೀ, ಸ್ವಲ್ಪ ತಡೀರಿ," ಎಂದಳು ರಾಜೇಶ್ವರಿ, ಪಲ್ಯ ಬಡಿಸುತ್ತ. "ಮಾವಾರು ಆ ಫೋಟೋ ನೋಡಿದಾಗಿಂದ ಅನ್ನ ನೀರು ಬಿಟ್ಟಾರ."

"ಗೆಳೆಯಾ ಸತ್ತ ಸುದ್ದಿ ಬಂದೈತಿ. ಸಂಕಟ ಆಗೂದಿಲ್ಲೇನು?" ಎಂದು ಅವನು ರೊಟ್ಟಿ ಮುರಿದ.

ಒಂದು ವಾರ ಕಳೆಯಿತು. ಮದುವೆಯ ಸೀರೆ, ಜವಳಿ, ಆಮಂತ್ರಣ, ಅಡಿಗೆಯವರ ಜೊತೆ ಮಾತು. ಇವುಗಳ ನಡುವೆಯೂ ರಾಜೇಶ್ವರಿಗೆ ಕೊರಳಲ್ಲಿ ಏನೋ ಒತ್ತಿದ ಹಾಗೆ. ಕನ್ನಡಿ ಮುಂದೆ ನಿಂತರೆ ಆ ನಗುವ ಮುಖ. ಕೊನೆಗೊಂದು ದಿನ ಕಾಯಿಪಲ್ಯಕ್ಕೆಂದು ಹೊರಟವಳು ಆಟೋ ಹತ್ತಿ ಹಳೇ ಹುಬ್ಬಳ್ಳಿಗೆ ಹೋದಳು.

ಮಾಬೂಬಿಯ ಮನೆಯ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಮಾಬೂಬಿ ಅವಳನ್ನು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟಳು.

"ಅಕ್ಕಾರ, ನೀವು ಕೇಳಾಕ ಬರತೀರಿ ಅಂತ ಗೊತ್ತಿತ್ತು."

"ನಿಮ್ಮ ಅಬ್ಬಾ ನಮ್ಮ ಮನಿಗೆ ಯಾಕ ಬರತಿದ್ದಿಲ್ಲವಾ?"

"ಪೂರಾ ನನಗೂ ಹೇಳಿಲ್ಲರಿ. ಹಿಂದಕ ಒಮ್ಮೆ ಕೇಳಿದ್ದೆ. 'ಆ ಕಂಬಳಿ ಗಂಟು ಕೆಳಗ ಒಗಿ ಅಂದೆ, ಆಂವ ಒಗೀಲಿಲ್ಲ. ನಾನರ ಯಾಕ ಒಗೀಲಿಲ್ಲ?' ಅಂದ್ರು. ಕಾಕಾರ ಮ್ಯಾಲ ಅವರಿಗೆ ಸಿಟ್ಟು ಇದ್ದಿಲ್ಲರಿ. ಇವರ ಮುಖ ನೋಡಿದ್ರ ತಮ್ಮ ಮುಖಾನೂ ನೋಡಬೇಕಾಗತದ ಅಂತ ಬರತಿದ್ದಿಲ್ಲ ಅನಸ್ತದ."

ಮನೆಗೆ ಬಂದ ರಾಜೇಶ್ವರಿ ಬಚ್ಚಲಿಗೆ ಹೋಗಿ ತಾಳಿಸರ ಬಿಚ್ಚಿದಳು. ಹವಳ ಐದನ್ನೂ ದಾರದಿಂದ ಕಳಚಿ, ಗುಂಡು ತಾಳಿಗಳನ್ನಷ್ಟೇ ಮತ್ತೆ ಪೋಣಿಸಿ ಹಾಕಿಕೊಂಡಳು. ಸಂಜೆ ಕಸ ಹೊಡೆಯಲು ಬಾಗಿದಾಗ ಈರವ್ವನ ಕಣ್ಣಿಗೆ ಬಿತ್ತು.

"ಹವಳ ಎಲ್ಲೆ?"

"ತಗದಿಟ್ಟೇನಿ ಅತ್ತೀ."

"ಗಂಡ ಗಟ್ಟಿಮುಟ್ಟಾಗಿ ಇರೂಮುಂದ ತಾಳ್ಯಾಗಿಂದು ತಗೀತಾರ? ಬುದ್ಧಿ ಎಲ್ಲೆ ಇಟ್ಟೀಯವಾ?"

"ಅವು ನಮ್ಮವಲ್ಲ ಅತ್ತೀ. ಆ ಹೆಣ್ಣಮಗಳದು."

"ಆಕಿ ಕೊಟ್ಟಾಳಂತ ಅವರ ಹೇಳಿದ್ರಲ್ಲ!"

"ಕೊಟ್ಟಳೋ, ಇವರು ತೊಗೊಂಡ್ರೋ?"

ಈರವ್ವನ ದನಿ ಓಣಿಗೆ ಕೇಳುವಷ್ಟು ಏರಿತು. "ನನ್ನ ಗಂಡ ಕಳ್ಳ ಅಂತೀಯೇನು? ಅವರ ಪೆನ್ಶನ್ನಿನ ಮ್ಯಾಲ ಈ ಮನಿ ನಿಂತೈತಿ. ಅವರು ತಂದ ಹವಳ ಹಾಕ್ಕೊಂಡು ಇಪ್ಪತ್ತೆಂಟು ವರ್ಷ ಮೆರದಿ. ಈಗ ಚುಚ್ಚಾಕತ್ತಾವ ನಿನಗ?"

"ಹೌದ್ರಿ. ಈಗ ಚುಚ್ಚಾಕತ್ತಾವ."

ಈರವ್ವ ಅವತ್ತಿನಿಂದ ಸೊಸೆ ಮಾಡಿದ ಚಹಾ ಕುಡಿಯಲಿಲ್ಲ. ತಾನೇ ಒಲೆ ಹಚ್ಚಿ ಮಾಡಿಕೊಳ್ಳುತ್ತಿದ್ದಳು. ಪಾತ್ರೆ ಸಪ್ಪಳ ಜೋರಾಗಿ ಮಾಡುತ್ತಿದ್ದಳು.

ಸಂಕ್ರಾಂತಿಯ ಮಾರನೆಯ ದಿನ ಫಕೀರಪ್ಪ ಕಾಲುಗುರು ತೆಗೆಯಲು ಸೊಸೆಯನ್ನು ಕರೆದರು. ಅವರಿಗೆ ಬಾಗಲು ಆಗುತ್ತಿರಲಿಲ್ಲ; ತಿಂಗಳಿಗೊಮ್ಮೆ ರಾಜೇಶ್ವರಿಯೇ ತೆಗೆಯುತ್ತಿದ್ದಳು. ಮಾಳಿಗೆಯ ಮೇಲೆ ಎಳೆಬಿಸಿಲಿತ್ತು. ಅವಳು ಅವರ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ರಾಜವ್ವಾ," ಎಂದರು. "ಹವಳ ತಗದೀಯಂತ."

ಅವಳು ಹೆಬ್ಬೆರಳಿನ ಉಗುರು ತೆಗೆಯುತ್ತಲೇ ಇದ್ದಳು.

"ಛಲೋ ಮಾಡಿದಿ."

ಆಮೇಲೆ ಅವರೇ ಹೇಳತೊಡಗಿದರು.

"ಆಕಿ ಯುದ್ಧಕ್ಕ ಮೂರು ವರ್ಷ ಮೊದಲ ಟಿಬೇಟ ಬಿಟ್ಟು ಓಡಿ ಬಂದಾಕಿ. ತೇಜಪುರದ ಮ್ಯಾಲಿನ ಗುಡ್ಡದಾಗ ಬೊಮ್ಡಿಲಾ ಅಂತ ಊರು, ಅದರ ಕಡೆ ರಸ್ತಾ ಕೆಲಸಕ್ಕಿದ್ಲು. ನಮಗ ದಿನಾ ಕಾಣತಿದ್ಲು. ನಗತಿದ್ಲು. ಕಾಸಿಂ ಫೋಟೋ ತಗದ. ಅದಾದ ಎಂಟು ದಿನಕ್ಕ ವೈರಿ ಬಂದ ಅಂತ ಗದ್ದಲಾತು. ಡಿಪೋದಾಗಿನ ಸಾಮಾನಿಗೆ ಬೆಂಕಿ ಹಚ್ಚಿ ಕೆಳಗ ಇಳೀರಿ ಅಂತ ಹುಕುಂ. ಕಂಬಳಿ ಎಲ್ಲಾ ಹೊಸಾವು. ಸುಡೂದು ಯಾಕ, ತೇಜಪುರದಾಗ ಮಾರಿದ್ರಾತು ಅಂತ ನಾ ಗಾಡಿ ತುಂಬಾ ಹೇರಿದೆ. ಕಾಸಿಂ ಬ್ಯಾಡ ಅಂದ. ನಾ ಕೇಳಲಿಲ್ಲ."

"ದಾರ್ಯಾಗ ಮಂದಿ ಅಂದ್ರ ಮಂದಿ. ಹುಡುಗೂರು, ಮುದುಕರು, ಆಡು, ಕುದುರಿ. ಆಕಿ ನನ್ನ ಗುರುತು ಹಿಡಿದು ಗಾಡಿ ಬಾಗಲಾ ಹಿಡಕೊಂಡ್ಲು. ಜಾಗಾ ಇಲ್ಲ ಅಂದೆ. ಕೊಳ್ಳಾಗಿಂದು ಬಿಚ್ಚಿ ನನ್ನ ತೊಡಿ ಮ್ಯಾಲ ಇಟ್ಲು. ನಾ ಅದನ್ನ ಅಂಗಿ ಕಿಸೇದಾಗ ಹಾಕ್ಕೊಂಡೆ. ಹಾಕ್ಕೊಂಡು, ಹುಡುಗೂರಷ್ಟ ಅಂದೆ."

ರಾಜೇಶ್ವರಿಯ ಕೈ ನಿಂತಿತು.

"ಒಂದು ಗಂಟು ಕೆಳಗ ಒಗದಿದ್ರ ಆಕಿ ಕುಂದ್ರತಿದ್ಲು ರಾಜವ್ವಾ. ಒಂದ ಗಂಟು. ಆಕಿ ತಿರುವಿನ ತನಕ ಹಿಂದ ಓಡಿ ಬಂದ್ಲು. ಎಂಜಿನ್ ಕಾಯ್ದು ಗಾಡಿ ನಿಂತಾಗ ಕಾಸಿಂ ಆ ಹುಡುಗೂರ ಫೋಟೋ ತಗದ. ಯಾಕ ತಗಿಯಾಕತ್ತೀ ಅಂದೆ. ಆಂವ ಮಾತಾಡಲಿಲ್ಲ. ಕೆಳಗ ಒಂದು ಬಯಲಾಗ ಮಂದಿ ನೆರದಿತ್ತು. ಅಲ್ಲೆ ಹುಡುಗೂರನ್ನ ಇಳಿಸಿದೆ. 'ಇಲ್ಲೇ ಕುಂದರ್ರಿ, ನಿಮ್ಮವ್ವ ಬರತಾಳ' ಅಂತ ಕನ್ನಡದಾಗ ಹೇಳಿದೆ. ಅವಕ್ಕ ಏನು ತಿಳದೀತು?"

"ಆಕಿ ಬಂದಳೇನ್ರಿ?"

"ಗೊತ್ತಿಲ್ಲ. ನಾ ತೇಜಪುರಕ್ಕ ಹೋಗಿ ಕಂಬಳಿ ಮಾರಿದೆ."

ಇರಲಿ ಬಿಡ್ರಿ, ಆಗಿ ಹೋದದ್ದು ಎನ್ನುವ ಮಾತು ರಾಜೇಶ್ವರಿಯ ನಾಲಗೆಯ ತನಕ ಬಂದು ನಿಂತಿತು. ಅದನ್ನು ಹೇಳಲು ತಾನು ಯಾರು? ಅವಳು ಇನ್ನೊಂದು ಪಾದ ಎತ್ತಿಟ್ಟುಕೊಂಡು ಉಗುರು ತೆಗೆದಳು. ಮಾವನ ಮುಖ ನೋಡಲು ಅವಳಿಗೂ ಆಗಲಿಲ್ಲ, ಸೊಸೆಯ ಮುಖ ನೋಡಲು ಅವರಿಗೂ ಆಗಲಿಲ್ಲ.

ಅಷ್ಟರಲ್ಲಿ ಬ್ಯಾನರು ಓಣಿಯ ಮೂಲೆಗೆ ಬಂದಾಗಿತ್ತು. ನಗುವ ಆ ಹೆಣ್ಣುಮಗಳು, ಬೆನ್ನಿನ ಕೂಸು, ಪಕ್ಕದಲ್ಲಿ ಫಕೀರಪ್ಪನವರ ಈಗಿನ ಫೋಟೋ. ಮೇಲೆ ದೊಡ್ಡ ಅಕ್ಷರದಲ್ಲಿ 'ನಿರಾಶ್ರಿತರ ರಕ್ಷಕ, ವೀರಯೋಧ'. ರಾಜೇಶ್ವರಿ ಹಾಲು ತರಲು ಹೋಗುವಾಗ ಆ ಮೂಲೆ ಬಿಟ್ಟು ಸುತ್ತು ಹಾಕಿ ಹೋಗತೊಡಗಿದಳು.

ಗಂಡನಿಗೆ ಎಲ್ಲ ಹೇಳಿದಳು. ಬಸವಪ್ರಭು ಕೇಳಿಸಿಕೊಂಡ. ಅವನ ಮುಖ ಬಾಡಿತು. ಆದರೆ ಮಾತು ಬೇರೆ ಬಂತು.

"ಅರವತ್ತು ವರ್ಷದ ಹಿಂದಿನ ಮಾತು. ಆಕಿ ಇದ್ದಾಳೋ ಇಲ್ಲೋ. ಮದವಿ ಒಂದು ತಿಂಗಳೈತಿ ರಾಜೀ. ಗದಗಿನ ಬೀಗರ ಕಿವಿಗೆ ಬಿದ್ರ ಏನಂದಾರು?"

"ಬ್ಯಾನರ್ ಅಷ್ಟರ ತಗಸ್ರಿ."

"ಯಾಕ ತಗಸಿದ್ರಿ ಅಂದ್ರ ಏನ ಹೇಳ್ಲಿ?"

ಸೌಂದರ್ಯಾ ಒಳಗಿನಿಂದ ಬಂದಳು. "ಖರೇ ಹೇಳ್ರಿ ಅಪ್ಪಾಜಿ."

"ನೀ ಸುಮ್ಮನಿರು. ನಿನ್ನ ಸಲುವಾಗೇ ಹೆದರಾಕತ್ತೇನಿ ನಾ."

ಇಪ್ಪತ್ತಾರರ ಮುಂಜಾನೆ ಸಂಘದ ಇಬ್ಬರು ಸನ್ಮಾನಕ್ಕೆ ತಲೆಗೆ ಸುತ್ತುವ ರುಮಾಲು ಹಿಡಿದು ಕಾರಿನಲ್ಲಿ ಬಂದರು. ಫಕೀರಪ್ಪ ಬನಿಯನ್ನಿನಲ್ಲೇ ಕುಳಿತಿದ್ದರು.

"ಏಳ್ರಿ ಅಜ್ಜಾರ, ಮಂದಿ ಕಾಯಾಕತ್ತಾರ."

"ಆ ಬ್ಯಾನರಿನ್ಯಾಗಿನ ಹೆಣ್ಣಮಗಳನ್ನ ನಾ ಗಾಡಿಗೆ ಹತ್ತಿಸಿಕೊಳ್ಳಲಿಲ್ಲ," ಎಂದರು ಫಕೀರಪ್ಪ. "ಕಂಬಳಿ ತುಂಬಿಕೊಂಡಿದ್ದೆ. ಆಕಿ ಕೊಳ್ಳಾಗಿಂದು ತೊಗೊಂಡೆ, ಆಕೀನ್ನ ಅಲ್ಲೇ ಬಿಟ್ಟೆ. ಇಳಸ್ರಿ ಅದನ್ನ."

ಬಸವಪ್ರಭು ಲಗುಬಗೆಯಿಂದ ನಡುವೆ ಬಂದ.

"ಅಪ್ಪಗ ಎರಡ ದಿನದಿಂದ ಆರಾಮಿಲ್ಲರಿ. ಜ್ವರದಾಗ ಏನೇನೋ ಮಾತಾಡಾಕತ್ತಾರ. ಅವರ ಪರವಾಗಿ ನಾನ ಬರತೇನಿ."

ಹೋದ. ಮಧ್ಯಾಹ್ನ ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ಬಂದ. ಶಾಲನ್ನು ತಂದೆಯ ಮುಂದಿನ ಸ್ಟೂಲಿನ ಮೇಲಿಟ್ಟ. ಯಾರೂ ಅದನ್ನು ಮುಟ್ಟಲಿಲ್ಲ. ನಾಲ್ಕು ದಿನ ಅಲ್ಲೇ ಬಿದ್ದಿತ್ತು. ಐದನೆಯ ದಿನ ಬಸವಪ್ರಭುವೇ ಯಾರೂ ಇಲ್ಲದಾಗ ಅದನ್ನೆತ್ತಿ ಎಲ್ಲಿಯೋ ಇಟ್ಟ. ಆ ಎಲ್ಲ ದಿನ ಅವನು ತಂದೆಯ ಪಂಕ್ತಿಯಲ್ಲಿ ಉಣ್ಣಲಿಲ್ಲ.

"ರಾಜವ್ವಾ, ಮುಂಡಗೋಡಕ್ಕ ಕರಕೊಂಡು ಹೋಗತೀಯೇನು?" ಎಂದು ಫಕೀರಪ್ಪ ಕೇಳಿದ್ದು ಆ ವಾರವೇ. ಹುಬ್ಬಳ್ಳಿಯಿಂದ ಗಂಟೆ ಒಂದೂವರೆಯ ದಾರಿ. ಟಿಬೆಟಿನವರ ಕ್ಯಾಂಪು ಅಲ್ಲಿ ಅರವತ್ತು ವರ್ಷದಿಂದ ಇದೆ ಎಂದು ಎಲ್ಲರಿಗೂ ಗೊತ್ತು. ಅಷ್ಟು ವರ್ಷ ಬಸ್ಸು ಓಡಿಸಿದ ಮನುಷ್ಯ, ಆ ದಾರಿಯ ಡ್ಯೂಟಿ ಬಂದಾಗೆಲ್ಲ ಬದಲಿ ಮಾಡಿಸಿಕೊಳ್ಳುತ್ತಿದ್ದರು ಎನ್ನುವುದು ರಾಜೇಶ್ವರಿಗೆ ಅವತ್ತು ತಿಳಿಯಿತು.

ರವಿವಾರ ಸೌಂದರ್ಯಾ ಕಾರು ತೆಗೆದಳು. ಬಸವಪ್ರಭು ಬರಲಿಲ್ಲ. ಈರವ್ವ ಬಾಗಿಲಿಗೂ ಬರಲಿಲ್ಲ. ಐದು ಹವಳ ರಾಜೇಶ್ವರಿಯ ಚೀಲದಲ್ಲಿ, ಸಣ್ಣ ಅರಿವೆಯ ಗಂಟಿನಲ್ಲಿದ್ದವು.

ಕ್ಯಾಂಪಿನ ವೃದ್ಧಾಶ್ರಮ ನೋಡಿಕೊಳ್ಳುವ ಡೋಲ್ಕರ್ ಎಂಬ ಹೆಣ್ಣುಮಗಳು ಅವರ ಮಾತನ್ನೆಲ್ಲ ಕೇಳಿ, ಫೋಟೋಗಳನ್ನು ಹಿಡಿದು ಪಡಸಾಲೆಯಲ್ಲಿ ಕುಳಿತ ಮುದುಕ ಮುದುಕಿಯರ ನಡುವೆ ತಿರುಗಾಡಿದಳು. ಒಬ್ಬರೂ ಗುರುತು ಹಿಡಿಯಲಿಲ್ಲ. ಕೊನೆಗೆ, ಅಲ್ಲಿ ತರಕಾರಿ ತಂದುಕೊಡಲು ಬಂದಿದ್ದ ಒಬ್ಬರನ್ನು ಕರೆತಂದಳು. ಅರವತ್ತೈದರ ಆಸುಪಾಸು, ಬೋಳು ತಲೆ, ಹೆಸರು ಲೋಬ್ಸಾಂಗ್.

"ಇವರೂ ಆ ವರ್ಷ ಅಲ್ಲಿಂದಲೇ ಬಂದವರು," ಎಂದಳು. "ಬಯಲಲ್ಲಿ ಸಿಕ್ಕ ಮಕ್ಕಳನ್ನು ಒಟ್ಟು ಮಾಡಿ ಉತ್ತರದ ಬೆಟ್ಟದ ಊರಿಗೆ ಕಳಿಸಿದ್ದರು. ಅದರಲ್ಲಿ ಇವರೂ ಒಬ್ಬರು. ತಂದೆ ತಾಯಿ ಯಾರೆಂದು ಇವರಿಗೆ ಗೊತ್ತಿಲ್ಲ."

ಲೋಬ್ಸಾಂಗ್ ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡು ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅಚ್ಚ ಹುಬ್ಬಳ್ಳಿಯ ಕನ್ನಡದಲ್ಲಿ ಮಾತಾಡಿದರು.

"ಗೊತ್ತಾಗವಲ್ದರಿ. ಈ ಕೂಸು ನಾನೂ ಇರಬಹುದು, ಯಾರರ ಇರಬಹುದು. ನನಗ ಅಕ್ಕ ಇದ್ಲೋ ಏನೋ, ಅದೂ ನೆನಪಿಲ್ಲ." ಫಕೀರಪ್ಪನವರ ಕಡೆ ತಿರುಗಿದರು. "ಯಜಮಾನರ, ನೀವು ಇಳಿಸಿ ಹೋದ್ರಲ್ಲ, ಆವಾಗ ಹುಡುಗೂರು ಅಳಾಕತ್ತಿದ್ರೇನ್ರಿ?"

ಫಕೀರಪ್ಪ ಹೇಳಿದರು:

"ನಾ ತಿರುಗಿ ನೋಡಲಿಲ್ಲಪಾ."

ಲೋಬ್ಸಾಂಗ್ ತಲೆ ಆಡಿಸಿದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ರಾಜೇಶ್ವರಿಗೆ. ಅವಳು ಗಂಟು ಬಿಚ್ಚಿ ಹವಳಗಳನ್ನು ಅವರ ಮುಂದೆ ಹಿಡಿದಳು. ಅವರು ಕೈ ಹಿಂದೆಳೆದುಕೊಂಡರು.

"ನಾ ತೊಗೊಂಡ್ರ ಆಕಿ ಮಗಾ ಆದಂಗ ಆಗತದ. ನಾ ಹೌದೋ ಅಲ್ಲೋ ಗೊತ್ತಿಲ್ಲ. ಸುಳ್ಳ ಹೆಂಗ ತೊಗೊಳ್ಳಿ? ಆ ಫೋಟೋದ್ದು ಒಂದು ಕಾಪಿ ಕೊಡ್ರಿ, ಸಾಕು. ಯಾರ ತಾಯಿ ಆದ್ರೂ ಆಗ್ಲಿ, ಮನ್ಯಾಗ ಇಟ್ಕೋತೇನಿ. ನನ್ನ ಕಡೆ ಯಾವ್ದೂ ಇಲ್ಲ."

ಆಶ್ರಮದ ಪ್ರಾರ್ಥನೆಯ ಕೋಣೆಗೆ ಹವಳ ಒಪ್ಪಿಸುವುದೆಂದು ಠರಾಯಿತು. ಡೋಲ್ಕರ್ ಪುಸ್ತಕ ತೆರೆದು ಪೆನ್ನು ಹಿಡಿದಳು.

"ದಾನಿಗಳ ಹೆಸರು?"

"ನನ್ನ ಹೆಸರು ಬರೀಬ್ಯಾಡ್ರಿ," ಎಂದರು ಫಕೀರಪ್ಪ. "ಅವು ಆಕಿವು. ಆಕಿ ಹೆಸರ ಮ್ಯಾಲ ಬರೀರಿ."

"ಅವರ ಹೆಸರೇನು?"

"ನಾ ಆವಾಗ ಕೇಳಲಿಲ್ಲ," ಎಂದರು ಫಕೀರಪ್ಪ. ಡೋಲ್ಕರ್ ಆ ಸಾಲು ಖಾಲಿ ಬಿಟ್ಟು ತಾರೀಖು ಬರೆದಳು.

ಚಹಾ ಬಂತು. ಲೋಬ್ಸಾಂಗ್ ರಾಜೇಶ್ವರಿಯನ್ನು ಮಾತಿಗೆಳೆದರು. "ಹುಬ್ಬಳ್ಯಾಗ ಎಲ್ಲಿರಿ ನಿಮ್ಮ ಮನಿ?"

"ಬೈರಿದೇವರಕೊಪ್ಪ."

"ಗೊತ್ತೈತಿ ಬಿಡ್ರಿ. ಮೂವತ್ತು ಚಳಿಗಾಲ ಹುಬ್ಬಳ್ಯಾಗ ಸ್ವೆಟರ್ ಮಾರೇನಿ. ಒಂದು ವರ್ಷ ನಿಮ್ಮ ಕಡೇನ ರೂಮ್ ಹುಡುಕಿದ್ವಿ, ನಾನೂ ನನ್ನ ಹೆಂಡ್ತಿನೂ. ಮಾಂಸಾ ತಿನ್ನೋರು ಅಂತ ಯಾರೂ ಕೊಡಲಿಲ್ಲ." ಅವರು ನಕ್ಕರು. "ಕಡೀಕ ಹಳೇ ಹುಬ್ಬಳ್ಯಾಗ ಒಬ್ಬರು ಕೊಟ್ರು."

ರಾಜೇಶ್ವರಿ ಕಪ್ಪನ್ನು ಕೆಳಗಿಟ್ಟಳು. ಏಳೆಂಟು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಮಾಳಿಗೆಯ ಮೇಲಿನ ಕೋಣೆ ಖಾಲಿ ಇತ್ತು, ಗೇಟಿಗೆ ಬೋರ್ಡು ಹಾಕಿದ್ದರು. ಗಂಡ ಹೆಂಡತಿ ಇಬ್ಬರು ಬಂದಿದ್ದರು. ಹೆಂಗಸು ಬಿಸಿಲಿಗೆ ತಲೆಯ ಮೇಲೆ ಅರಿವೆ ಹಾಕಿಕೊಂಡಿದ್ದಳು. 'ಖಾಲಿ ಇಲ್ಲ' ಎಂದಿದ್ದಳು ರಾಜೇಶ್ವರಿ, ಬೋರ್ಡಿನ ಪಕ್ಕವೇ ನಿಂತುಕೊಂಡು. ಅವರು ಬೋರ್ಡು ನೋಡಿದ್ದರು, ಅವಳನ್ನು ನೋಡಿದ್ದರು, ನೀರು ಕೇಳಿದ್ದರು. ನೀರು ಕೊಟ್ಟಿದ್ದಳು, ಅವರು ಕುಡಿದ ಲೋಟವನ್ನು ಆಮೇಲೆ ಹಿತ್ತಲಲ್ಲಿ ಬೇರೆ ಇಟ್ಟಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆ ಅವತ್ತು ಮನೆಯಲ್ಲೇ ಇರಲಿಲ್ಲ.

"ಅಣ್ಣಾರ," ಎಂದಳು. "ನಮ್ಮ ಮನಿಗೂ ಇಬ್ಬರು ಬಂದಿದ್ರು. ಇಲ್ಲ ಅಂದಾಕಿ ನಾನ. ರೂಮ್ ಖಾಲಿ ಇತ್ತು."

ಸೌಂದರ್ಯಾ ತಾಯಿಯನ್ನು ನೋಡಿದಳು. ಲೋಬ್ಸಾಂಗ್ ಚಹಾ ಊದಿ ಒಂದು ಗುಟುಕು ಕುಡಿದರು.

"ಭಾಳ ಮಂದಿ ಇಲ್ಲ ಅಂದ್ರು ಅಕ್ಕಾರ. ಅದರಾಗ ನೀವು ಯಾರು ಅಂತ ನನಗ ನೆನಪಿಲ್ಲ."

ತಿರುಗಿ ಬರುವಾಗ ಹಿಂದಿನ ಸೀಟಿನಲ್ಲಿ ಮಾವ ಸೊಸೆ ಪಕ್ಕಪಕ್ಕ ಕುಳಿತಿದ್ದರು. ಮಾವ ಇಷ್ಟು ದೊಡ್ಡ ತಪ್ಪು ಮಾಡಿದರಲ್ಲ ಎಂದು ಎರಡು ತಿಂಗಳಿಂದ ಒಳಗೊಳಗೇ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದವಳಿಗೆ ಈಗ ಕಿಟಕಿಯಿಂದ ಮುಖ ತಿರುಗಿಸುವ ಧೈರ್ಯವಿರಲಿಲ್ಲ.

ಮನೆಯಲ್ಲಿ ಈರವ್ವ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದಳು. ಊಟಕ್ಕೆ ಕುಳಿತಾಗ ಫಕೀರಪ್ಪ ತಾಟಿಗೆ ಕೈ ಹಾಕದೆ, ಹೆಂಡತಿಗೂ ಮಗನಿಗೂ ಕೇಳುವಂತೆ ಎಲ್ಲವನ್ನೂ ತಮ್ಮ ಬಾಯಿಂದಲೇ ಹೇಳಿದರು. ಕಂಬಳಿ, ಹವಳ, ತಿರುವು, ಬಯಲು. ಅವರು ನಿಲ್ಲಿಸಿದ ಮೇಲೆ ರಾಜೇಶ್ವರಿ ತನ್ನ ಮಾಳಿಗೆಯ ಕೋಣೆಯ ಮಾತು ಹೇಳಿದಳು. ಬಸವಪ್ರಭು ತುತ್ತು ಕೈಯಲ್ಲೇ ಹಿಡಿದು ಕುಳಿತಿದ್ದ.

ಈರವ್ವ ಕೇಳಿದಳು: "ನನ್ನವೆರಡು?"

"ಅದು ನಿನಗ ಬಿಟ್ಟದ್ದು," ಎಂದರು ಫಕೀರಪ್ಪ.

"ಐವತ್ತೆಂಟು ವರ್ಷ ಹಾಕ್ಕೊಂಡೇನಿ. ನನಗ ತಗಿಯಾಕ ಆಗೂದಿಲ್ಲ." ಅವಳು ಅತ್ತಳು. ಆದರೆ ಅವತ್ತಿನಿಂದ ಯಾರಿಗೂ ಆ ಹವಳ ತೋರಿಸಲಿಲ್ಲ. ಸೆಖೆ ಇರಲಿ, ಒಲೆಯ ಮುಂದಿರಲಿ, ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದಳು. ಮರುದಿನ ಸೊಸೆ ಮಾಡಿದ ಚಹಾ ಕುಡಿದಳು.

ಮದುವೆ ಕೇಶ್ವಾಪುರದ ಕಲ್ಯಾಣ ಮಂಟಪದಲ್ಲಿ ಆಯಿತು. ಸೌಂದರ್ಯಾಳ ತಾಳಿಯಲ್ಲಿ ಬಂಗಾರದ ಗುಂಡುಗಳಷ್ಟೇ ಇದ್ದವು. ವಿಷಯ ಏನೆಂದು ಗಂಡಾಗುವವನಿಗೆ ಅವಳೇ ಮೊದಲೇ ಹೇಳಿದ್ದಳು. ಅವನು ತನ್ನ ಮನೆಯಲ್ಲಿ ಹೇಳಿದ್ದನೋ ಇಲ್ಲವೋ, ಬೀಗರು ಏನೂ ಕೇಳಲಿಲ್ಲ.

ಫಕೀರಪ್ಪ ಲೋಬ್ಸಾಂಗರಿಗೆ ತಾವೇ ಫೋನು ಮಾಡಿ ಕರೆದಿದ್ದರು. ಬರಲಿಕ್ಕಿಲ್ಲ ಎಂದುಕೊಂಡಿದ್ದರು. ಅವರು ಬಂದರು, ಹೆಂಡತಿಯೊಂದಿಗೆ. ವಧೂವರರ ಕೊರಳಿಗೆ ಬಿಳಿಯ ಶಲ್ಯ ಹಾಕಿ ಹರಸಿದರು. ಊಟದ ಪಂಕ್ತಿಯಲ್ಲಿ ಅವರ ಪಕ್ಕ ಫಕೀರಪ್ಪ ಕುಳಿತರು. ಬಡಿಸುವವರ ಹಿಂದೆ ರಾಜೇಶ್ವರಿ ತುಪ್ಪ ಹಿಡಿದು ಬರುತ್ತಿದ್ದಳು. ಲೋಬ್ಸಾಂಗರ ಹೆಂಡತಿಯ ಎಲೆಯ ಮುಂದೆ ಬಂದಾಗ ಅವಳಿಗೆ ಆ ಬಿಸಿಲು, ಆ ತಲೆಯ ಮೇಲಿನ ಅರಿವೆ ಕಣ್ಣಿಗೆ ಕಟ್ಟಿತು. ಇವಳೇ ಹೌದೇ ಅಲ್ಲವೇ ತಿಳಿಯಲಿಲ್ಲ. ಬಾಗಿ ತುಪ್ಪ ಬಡಿಸಿದಳು.

ಗದಗಿನ ಬೀಗರ ಪೈಕಿ ಹಿರಿಯರೊಬ್ಬರು ಎದುರಿನ ಸಾಲಿನಿಂದ ಕೇಳಿದರು: "ಬಸವಪ್ರಭು ಅವರ, ಇವರು ಯಾರ್ರಿ?"

"ಅಪ್ಪನ ಗೆಳೆಯರು ರೀ," ಎಂದ ಬಸವಪ್ರಭು. "ಮುಂಡಗೋಡದವರು."

"ಗೆಳೆಯ ಅಲ್ಲ," ಎಂದರು ಫಕೀರಪ್ಪ. ಅಕ್ಕಪಕ್ಕದವರು ಕೈ ನಿಲ್ಲಿಸಿ ಇತ್ತ ನೋಡಿದರು. ಬಸವಪ್ರಭು ತಂದೆಯ ಹೆಗಲ ಮೇಲೆ ಕೈ ಇಟ್ಟ. ತಡೆಯಲಿಕ್ಕೆಂದು ಇಟ್ಟಿದ್ದನೋ ಏನೋ, ತಡೆಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

"ಯುದ್ಧದಾಗ ನಾ ಎರಡು ಹುಡುಗೂರನ್ನ ಅವರವ್ವನ ಕಡಿಂದ ಅಗಲಿಸಿ ರಸ್ತಾದಾಗ ಇಳಿಸಿ ಬಂದಿದ್ದೆ. ಇವರು ಹಂಗ ಬಯಲಾಗ ಉಳದ ಹುಡುಗೂರ ಪೈಕಿ."

ಲೋಬ್ಸಾಂಗ್ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಬಡಿಸುವವನು ಅವರ ಮುಂದೆ ಬಂದು ನಿಂತಾಗ, ಎಲೆಯ ಅಂಚನ್ನು ಬೆರಳಿಂದ ತೋರಿಸಿ, "ಬದನಿಕಾಯಿ ಸ್ವಲ್ಪ ಹಾಕ್ರಿ," ಎಂದರು.